ಹೊಟ್ಟೆಯ ಲಿಂಫೋಮಾ ವಾಸಿಯಾದ ಮೇಲೆ ಮೆದುಳಲ್ಲಿ ಗಡ್ಡೆ: ಬಯಾಪ್ಸಿಗೆ ಮೊದಲೇ ಡೆಕ್ಸಾ ಕೊಡಬಹುದೇ?

ಪ್ರಶ್ನೆ:
64 ವರ್ಷದ ಗಂಡಸು. ಜಠರದ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾಕ್ಕೆ (ಬಿಳಿ ರಕ್ತಕಣದ ಒಂದು ಕ್ಯಾನ್ಸರ್) ಆರ್-ಚಾಪ್ (ರಿಟುಕ್ಸಿಮ್ಯಾಬ್ ಸೇರಿದ ಕೀಮೊಥೆರಪಿ) 6 ಸೈಕಲ್ ಆಗಿದೆ, ಕೊನೆಯ ಪೆಟ್-ಸಿಟಿ (ಗ್ಲೂಕೋಸ್ ಹೆಚ್ಚು ಉರಿಸುವ ಜಾಗ ತೋರಿಸುವ ಸ್ಕ್ಯಾನ್) ಸ್ವಚ್ಛವಾಗಿತ್ತು. 8 ತಿಂಗಳಿಗೆ ಮಾತು ತಡವರಿಸಲು ಶುರುವಾಗಿದೆ, ಬಲಗೈಯಲ್ಲಿ ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ. ಎಂಆರ್‌ಐಯಲ್ಲಿ ಎಡ ಫ್ರಾಂಟಲ್ ಭಾಗದಲ್ಲಿ 3 ಸೆಂ.ಮೀ. ಗಡ್ಡೆ, ಸುತ್ತ ಊತ. ಪ್ರಜ್ಞೆ ಪೂರ್ತಿ ಇದೆ, ವಾಂತಿ ಇಲ್ಲ. ಡೆಕ್ಸಾಮೆಥಾಸೋನ್ (ಡೆಕ್ಸಾ, ಊತ ಇಳಿಸುವ ಸ್ಟೀರಾಯ್ಡ್) ಇವತ್ತೇ ಶುರು ಮಾಡಿ ಅಂತ ಒಬ್ಬ ವೈದ್ಯರು, ತಡೆಯಿರಿ ಅಂತ ಇನ್ನೊಬ್ಬರು. ಯಾವುದು ಸರಿ? ಪೆಟ್ ಸ್ವಚ್ಛವಿದ್ದರೂ ಮೆದುಳಿಗೆ ಬಂದಿದ್ದು ಹೇಗೆ? ಸದ್ಯ ದಿನಾ ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ) 40 ಮಿ.ಗ್ರಾಂ. ಮಾತ್ರ ನಡೆಯುತ್ತಿದೆ.

ಉತ್ತರ 1:
ತಡೆಯಿರಿ ಅಂದವರ ಮಾತೇ ಸರಿ. ಲಿಂಫೋಮಾ ಕಣಗಳು ಸ್ಟೀರಾಯ್ಡ್‌ಗೆ ಕೆಲವೇ ದಿನದಲ್ಲಿ ಸಾಯುತ್ತವೆ. ಆಮೇಲೆ ಸೂಜಿ ಹಾಕಿದರೆ ಸಿಗುವುದು ಸತ್ತ ಕಣ, ಅದನ್ನು ತಿನ್ನಲು ಬಂದ ಮ್ಯಾಕ್ರೊಫೇಜ್ (ಕಸ ತಿನ್ನುವ ರಕ್ಷಣಾ ಕಣ) ಅಷ್ಟೇ ಆಗಿರಬಹುದು. ರಿಪೋರ್ಟ್ "ನಿರ್ದಿಷ್ಟವಾಗಿ ಏನೂ ಇಲ್ಲ" ಅಂತ ಬರಬಹುದು. ನಮ್ಮ ಕಡೆ ಇದರ ಅಪಾಯ ಇನ್ನೂ ಹೆಚ್ಚು. ಮೆದುಳಲ್ಲಿ ಗಡ್ಡೆ ಅಂದ ಕೂಡಲೇ ಟಿಬಿ ಗಂಟು ನೆನಪಾಗುತ್ತದೆ, ಟಿಬಿ ಮಾತ್ರೆಯ ಜೊತೆಗೇ ಸ್ಟೀರಾಯ್ಡ್ ಹೋಗುತ್ತದೆ. ಸ್ಟೀರಾಯ್ಡ್‌ನಿಂದ ಗಡ್ಡೆ ಕುಗ್ಗಿದ್ದನ್ನು "ಟಿಬಿಯೇ ಇತ್ತು" ಅಂತ ಓದಿಬಿಡುತ್ತಾರೆ. ವಾರಗಳು ಹೋಗುತ್ತವೆ, ಗಡ್ಡೆ ಮರಳುತ್ತದೆ.

ಮಂಪರು ಹೆಚ್ಚಿದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಮೆದುಳು ಪಕ್ಕಕ್ಕೆ ಸರಿದಿದ್ದರೆ ಮಾತು ಬೇರೆ: ಆಗ ಜೀವ ಮೊದಲು, ಡೆಕ್ಸಾ ಕೊಡಲೇಬೇಕು.

ಸ್ಟೀರಿಯೋಟ್ಯಾಕ್ಟಿಕ್ ಬಯಾಪ್ಸಿಗೆ (ಸ್ಕ್ಯಾನ್ ಆಧರಿಸಿ ಗುರಿಯಿಟ್ಟು ಸೂಜಿಯಿಂದ ಚೂರು ತೆಗೆಯುವುದು) ಹೋಗುವಾಗ ಜಠರದ ಹಳೆಯ ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್ (ಚೂರನ್ನು ಮೇಣದಲ್ಲಿ ಕಾಪಿಟ್ಟದ್ದು) ಎರಡನ್ನೂ ಒಯ್ಯಿರಿ. ಅದೇ ಕಾಯಿಲೆ ಮರಳಿದ್ದೋ, ಹೊಸದೋ ಅಂತ ಹೋಲಿಸಲು ಬ್ಲಾಕ್ ಬೇಕೇ ಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಎಲ್‌ಡಿಎಚ್ (ಲಿಂಫೋಮಾದಲ್ಲಿ ಏರಬಹುದಾದ ಕಿಣ್ವದ ರಕ್ತಪರೀಕ್ಷೆ), ಮತ್ತೊಂದು ಪೆಟ್-ಸಿಟಿ, ಕಣ್ಣಿಗೂ ಹರಡಿದೆಯೇ ಅಂತ ಸ್ಲಿಟ್ ಲ್ಯಾಂಪ್ ಪರೀಕ್ಷೆ ಆಗಲಿ. ಎಂಆರ್‌ಐ ನೋಡಿ ಅಪಾಯವಿಲ್ಲ ಅಂದರೆ ಮಾತ್ರ ಬೆನ್ನಿನ ನೀರು ತೆಗೆಯುವುದು. ತೆಗೆದರೆ 10 ಮಿ.ಲೀ. ಆದರೂ ಇರಲಿ, ಸೈಟಾಲಜಿ (ಸೂಕ್ಷ್ಮದರ್ಶಕದಲ್ಲಿ ಕಣ ನೋಡುವುದು) ಜೊತೆ ಫ್ಲೋ ಸೈಟೊಮೆಟ್ರಿಗೂ (ಯಂತ್ರದಿಂದ ಕಣದ ಬಗೆ ಗುರುತಿಸುವುದು) ಬರೆಸಿ, ತಕ್ಷಣ ಲ್ಯಾಬ್‌ಗೆ ಮುಟ್ಟಿಸಿ. ಆ ನೀರಲ್ಲಿ ಕಣಗಳು ಬೇಗ ಕೆಡುತ್ತವೆ.

ಉತ್ತರ 2:
ಹೇಗೆ ಬಂತು ಅನ್ನೋದಕ್ಕೆ: ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆಯನ್ನು ಆರ್-ಚಾಪ್ ಸರಿಯಾಗಿ ದಾಟುವುದಿಲ್ಲ. ರಿಟುಕ್ಸಿಮ್ಯಾಬ್ ದೊಡ್ಡ ಅಣು. ರಕ್ತದಲ್ಲಿರುವುದರ ಸುಮಾರು 0.1% ಮಾತ್ರ ಬೆನ್ನಿನ ನೀರಿಗೆ ಸೇರುತ್ತದೆ. ಹೊಟ್ಟೆ ಸ್ವಚ್ಛವಾದರೂ ಮೊದಲೇ ಅಲ್ಲಿ ಸೇರಿಕೊಂಡ ಕಣ ಉಳಿದುಬಿಡಬಹುದು. ಮೆದುಳು ತಾನೇ ಗ್ಲೂಕೋಸ್ ಉರಿಸುವುದರಿಂದ ಪೆಟ್‌ನಲ್ಲಿ ಸಣ್ಣ ಗಡ್ಡೆ ಮರೆಯಾಗುತ್ತದೆ. ಎಷ್ಟೋ ಕಡೆ ಸ್ಕ್ಯಾನ್ ತಲೆಬುರುಡೆಯ ತಳದಿಂದ ತೊಡೆಯವರೆಗೆ ಮಾತ್ರ.

ಲಿಂಫೋಮಾ ಮೆದುಳಿಗೆ ಬರುವ ಅಪಾಯ ಅಳೆಯಲು ಸಿಎನ್‌ಎಸ್-ಐಪಿಐ ಅನ್ನುವ ಅಂಕಪಟ್ಟಿ ಇದೆ, ಒಂದೊಂದಕ್ಕೆ 1 ಅಂಕ: ವಯಸ್ಸು 60 ದಾಟಿರುವುದು, ಎಲ್‌ಡಿಎಚ್ ಏರಿಕೆ, ಓಡಾಟ ಕುಗ್ಗಿರುವುದು, 3 ಅಥವಾ 4ನೇ ಹಂತ, ದುಗ್ಧಗ್ರಂಥಿಯ ಹೊರಗೆ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ರೋಗ, ಕಿಡ್ನಿಯಲ್ಲಿ ಅಥವಾ ಅಡ್ರಿನಲ್‌ನಲ್ಲಿ (ಕಿಡ್ನಿಯ ಮೇಲಿನ ಗ್ರಂಥಿ) ರೋಗ. 4 ಅಥವಾ ಹೆಚ್ಚು ಅಂಕ ಬಂದರೆ 2 ವರ್ಷದೊಳಗೆ ಸುಮಾರು 10% ಜನರಿಗೆ ಮೆದುಳಿಗೆ ಬರುತ್ತದೆ. ಬರೀ ಜಠರ ಅಂದಮಾತ್ರಕ್ಕೆ ಅಪಾಯ ಜಾಸ್ತಿ ಅಲ್ಲ. ಮೊದಲ ಸ್ಟೇಜಿಂಗ್ ರಿಪೋರ್ಟಲ್ಲಿ ಅಡ್ರಿನಲ್ ಬಗ್ಗೆ ಏನಿದೆ ನೋಡಿ.

ಉತ್ತರ 3:
ಲಿಂಫೋಮಾ ಖಚಿತವಾದರೆ ಚಿಕಿತ್ಸೆಯ ಬೆನ್ನೆಲುಬು ಹೈ-ಡೋಸ್ ಮೆಥೊಟ್ರೆಕ್ಸೇಟ್ (ಮೆದುಳಿಗೂ ತಲುಪುವ ಕೀಮೊ ಔಷಧ), ಸಾಮಾನ್ಯವಾಗಿ ದೇಹದ ಮೇಲ್ಮೈಯ ಚದರ ಮೀಟರಿಗೆ 3ರಿಂದ 3.5 ಗ್ರಾಂ. ಇಲ್ಲಿಯೇ ಆ ಪ್ಯಾಂಟೊಪ್ರಜೋಲ್ ಅಡ್ಡ ಬರುವುದು. ಅದು ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ನಿಧಾನ ಮಾಡಬಹುದು. ಹಾಗಾದರೆ ಕಿಡ್ನಿ ಕೆಡಬಹುದು, ಬಾಯಿ ಹುಣ್ಣಾಗಬಹುದು, ರಕ್ತಕಣ ಕುಸಿಯಬಹುದು. ಹೊಟ್ಟೆಯ ಲಿಂಫೋಮಾದವರು ಈ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುತ್ತಾರೆ, "ಗ್ಯಾಸ್ ಮಾತ್ರೆ" ಅಂತ ಪಟ್ಟಿಯಲ್ಲೂ ಬರೆಸಿರುವುದಿಲ್ಲ. ಕನಿಷ್ಠ 2 ದಿನ ಮೊದಲು ನಿಲ್ಲಿಸಿ ಫ್ಯಾಮೊಟಿಡಿನ್‌ಗೆ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಕೋಟ್ರೈಮಾಕ್ಸಜೋಲ್, ಪೈಪರಾಸಿಲಿನ್ ಕೂಡ ಆ ದಿನಗಳಲ್ಲಿ ಬೇಡ. ಹೊಟ್ಟೆಯಲ್ಲೋ ಎದೆಯಲ್ಲೋ ನೀರು ತುಂಬಿದ್ದರೆ ಮೊದಲು ತೆಗೆಸಬೇಕು; ಔಷಧ ಅಲ್ಲಿ ನಿಂತು ನಿಧಾನಕ್ಕೆ ರಕ್ತಕ್ಕೆ ಮರಳುತ್ತದೆ.

ಸೋಡಾ ಬೈಕಾರ್ಬ್ ಹಾಕಿ ಮೂತ್ರದ ಪಿಎಚ್ 7ರ ಮೇಲೆ ಬಂದ ಮೇಲೆಯೇ ಡ್ರಿಪ್ ಶುರು. ಲ್ಯೂಕೊವೊರಿನ್ (ಮೆಥೊಟ್ರೆಕ್ಸೇಟ್‌ನ ಹಾನಿ ತಡೆಯುವ ಔಷಧ) ಡ್ರಿಪ್ ಶುರುವಾದ 24ನೇ ಗಂಟೆಗೆ, ಆಮೇಲೆ 6 ಗಂಟೆಗೊಮ್ಮೆ, ರಕ್ತದಲ್ಲಿ ಮೆಥೊಟ್ರೆಕ್ಸೇಟ್ ಮಟ್ಟ ಲೀಟರಿಗೆ 0.1 ಮೈಕ್ರೊಮೋಲ್‌ಗಿಂತ ಇಳಿಯುವವರೆಗೆ. ಆ ಮಟ್ಟವನ್ನು ದಿನಾ ಅಳೆದು ಅದೇ ದಿನ ರಿಪೋರ್ಟ್ ಕೊಡುವ ಆಸ್ಪತ್ರೆಯಲ್ಲೇ ಮಾಡಿಸಿ, ಇದರಲ್ಲಿ ರಾಜಿ ಬೇಡ.

ಪ್ರಶ್ನೆ ಕೇಳಿದವರು:
ಬಯಾಪ್ಸಿ ಆದ ಮೇಲೆ ಡೆಕ್ಸಾಗೆ ಪೂರ್ತಿ ರಿಪೋರ್ಟ್ ಬರುವವರೆಗೆ ಕಾಯಬೇಕೇ?

ಉತ್ತರ 1:
ಬೇಡ. ಆಪರೇಷನ್ ಥಿಯೇಟರ್‌ನಿಂದಲೇ ಒಂದು ಚೂರನ್ನು ಗಾಜಿನ ಮೇಲೆ ಒತ್ತಿ ನೋಡುತ್ತಾರೆ. ರೋಗದ ಭಾಗವೇ ಸಿಕ್ಕಿದೆ, ಸಾಕಷ್ಟಿದೆ ಅಂತ ಪೆಥಾಲಜಿಸ್ಟ್ ಹೇಳಿದ ಮೇಲೆ ಅವತ್ತೇ ಶುರು ಮಾಡಬಹುದು.