ಟೌಟನ್ ರಣರಂಗದ ನಡಿಗೆ: ಬರೀ ಹೊಲ ನೋಡೋಕೆ ಹೋಗಬೇಕಾ?

ಪ್ರಶ್ನೆ:
ಲೀಡ್ಸ್‌ನಲ್ಲಿದ್ದೀನಿ. ಮುಂದಿನ ಭಾನುವಾರ ಟೌಟನ್‌ನಲ್ಲಿ ಗೈಡ್ ಜೊತೆ ರಣರಂಗ ಸುತ್ತೋ ನಡಿಗೆ ಇದೆಯಂತೆ. 1461ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಯಾರ್ಕ್ ಮನೆತನಕ್ಕೂ ಲ್ಯಾಂಕಾಸ್ಟರ್ ಮನೆತನಕ್ಕೂ ಯುದ್ಧ ಆಯ್ತು ಅನ್ನೋದಷ್ಟೇ ಗೊತ್ತು. ಫೋಟೋದಲ್ಲಿ ಒಂದು ಕಲ್ಲಿನ ಶಿಲುಬೆ, ಉಳಿದಿದ್ದೆಲ್ಲ ಹೊಲ. ಹನ್ನೆರಡು ವರ್ಷದ ಮಗ ಅರ್ಧ ಗಂಟೆಗೇ ಮನೆಗೆ ಹೋಗೋಣ ಅಂತಾನೆ. ಹೋದವರು ಹೇಳಿ.

ಉತ್ತರ 1:
ಎರಡು ಸಲ ಹೋಗಿದ್ದೀನಿ. ಮೊದಲ ಸಲ ಒಬ್ಬನೇ. ಶಿಲುಬೆ ಹತ್ತಿರ ಇಳಿದೆ, ಬೋರ್ಡು ಓದಿದೆ, ಹತ್ತು ನಿಮಿಷಕ್ಕೆ ವಾಪಸ್. ನೀವಂದಂಗೇ, ಹೊಲ.

ಎರಡನೇ ಸಲ ಗೈಡ್ ಜೊತೆ, ಮಾರ್ಚ್‌ನಲ್ಲಿ. ದಿಬ್ಬದ ಮೇಲೆ ನನ್ನ ಟೋಪಿ ಗಾಳಿಗೆ ಹಾರಿಹೋಯ್ತು. ಗೈಡ್ ನಕ್ಕು, "ಎತ್ಲಾಗೆ ಹೋಯ್ತು ನೋಡಿದ್ರಾ? ಆವತ್ತು ಬಾಣಗಳೂ ಅತ್ಲಾಗೇ ಹೋಗಿದ್ದು" ಅಂದ್ರು. ಯುದ್ಧ ಆಗಿದ್ದು 1461ರ ಮಾರ್ಚ್ 29, ಗರಿಗಳ ಭಾನುವಾರ (ಪಾಮ್ ಸಂಡೆ), ಹಿಮ ಬೀಳ್ತಿತ್ತು. ದಕ್ಷಿಣಕ್ಕಿದ್ದ ಯಾರ್ಕ್ ಪಡೆಗೆ ಗಾಳಿ ಬೆನ್ನಿಗೆ, ಉತ್ತರಕ್ಕಿದ್ದ ಲ್ಯಾಂಕಾಸ್ಟರ್ ಪಡೆಗೆ ಮುಖಕ್ಕೆ. ಯಾರ್ಕ್ ಸೇನಾನಿ ಫಾಕನ್‌ಬರ್ಗ್‌ನ ಬಿಲ್ಲಾಳುಗಳು ಬಾಣ ಬಿಟ್ಟು ಸುಮ್ಮನೆ ನಿಂತರು. ಎದುರಿನವರ ಬಾಣಗಳೆಲ್ಲ ಇವರನ್ನ ತಲುಪದೆ ಮುಂದೆಯೇ ಬಿದ್ದವು. ಅವನ್ನೇ ಕಿತ್ತು ತಿರುಗಿಸಿ ಹೊಡೆದರಂತೆ! ಟೋಪಿ ಹುಡುಕುತ್ತಾ ನಿಂತವನಿಗೆ ಇದು ಬೇರೆ ಥರಾನೇ ಅರ್ಥ ಆಗುತ್ತೆ.

ಆಮೇಲೆ ಪಶ್ಚಿಮಕ್ಕೆ, ಕಾಕ್ ಬೆಕ್ ಹಳ್ಳದ ಕಡೆ ನೋಡಿ. ಹೊಲ ಸಪಾಟಾಗಿದೆ ಅನ್ಕೊಂಡಿರ್ತೀರಿ, ಇದ್ದಕ್ಕಿದ್ದಂತೆ ಕಡಿದಾದ ಇಳಿಜಾರು. ಯಾರ್ಕ್ ಕಡೆಯ ಡ್ಯೂಕ್ ನಾರ್ಫೋಕ್‌ನ ಪಡೆ ತಡವಾಗಿ ಬಂದು ಸೇರಿದ ಮೇಲೆ ಲ್ಯಾಂಕಾಸ್ಟರ್ ಸಾಲು ಮುರೀತು, ಓಡಿದವರು ಇಲ್ಲೇ ಸಿಕ್ಕಿಬಿದ್ದರು. ಹಳ್ಳ ಏನೂ ದೊಡ್ಡದಲ್ಲ. ಅದೇ ಹೊಟ್ಟೆ ಕಲಕೋದು.

ಉತ್ತರ 2:
ಗೈಡ್ 28,000 ಜನ ಸತ್ತರು ಅಂದ್ರೆ ಹಾಗೇ ನಂಬಬೇಡಿ. ಅದು ಗೆದ್ದವರ ಕಡೆಯ ಎಣಿಕೆ, ಈಗಿನ ಬಹಳ ಇತಿಹಾಸಕಾರರು ಒಪ್ಪಲ್ಲ. ನನಗೆ ಸಂಖ್ಯೆಗಿಂತ ಮೂಳೆಗಳು ಹೆಚ್ಚು ಹೇಳ್ತವೆ. 1996ರಲ್ಲಿ ಟೌಟನ್ ಹಾಲ್ ಹತ್ತಿರ ಕಟ್ಟಡದ ಕೆಲಸಕ್ಕೆ ಅಗೆದಾಗ ಸುಮಾರು 40 ಜನರನ್ನ ಒಟ್ಟಿಗೆ ಹೂತಿದ್ದ ಗುಂಡಿ ಸಿಕ್ತು. ಏಟುಗಳು ಹೆಚ್ಚಾಗಿ ತಲೆಗೇ. ಒಬ್ಬನ ದವಡೆ ಹಿಂದಿನ ಯಾವುದೋ ಕಾಳಗದಲ್ಲಿ ಸೀಳಿ, ಮತ್ತೆ ಕೂಡಿಕೊಂಡಿತ್ತು. ವಯಸ್ಸು ನಲವತ್ತು ದಾಟಿತ್ತು. ಅಷ್ಟಾದ ಮೇಲೂ ಬಂದಿದ್ದ.

ಉತ್ತರ 3:
ಕೆಸರು ವಿಪರೀತ, ಬೂಟು ಹಾಕಿಸಿ. ಪಕ್ಕದ ಹಳ್ಳಿ ಸ್ಯಾಕ್ಸ್ಟನ್‌ನ ಚರ್ಚಿನ ಅಂಗಳದಲ್ಲಿ, ಆ ಯುದ್ಧದಲ್ಲಿ ಸತ್ತ ಲ್ಯಾಂಕಾಸ್ಟರ್ ಕಡೆಯ ಲಾರ್ಡ್ ಡೇಕರ್ ಸಮಾಧಿ ಇದೆ. ಕುದುರೆ ಸಮೇತ ಹೂತರು ಅಂತಾರೆ. ಹುಡುಗರಿಗೆ ಅದೇ ಇಷ್ಟ ಆಗೋದು.

ಪ್ರಶ್ನೆ ಕೇಳಿದವರು:
ಕುದುರೆ ವಿಷಯ ಹೇಳಿದೆ, ಬರ್ತಾನಂತೆ. ಸರ್, ಟೋಪಿ ಸಿಕ್ತಾ?

ಉತ್ತರ 1:
ಇಲ್ಲ. ಬೆಳೆ ತುಳಿಯೋ ಹಾಗಿಲ್ಲ ಅಂತ ಗೈಡ್ ಬಿಡಲಿಲ್ಲ. ನೀಲಿ ಉಣ್ಣೆಯದು, ಕಂಡ್ರೆ ತನ್ನಿ.