ಪೆಟ್ರೋಲ್ ಬಂಕ್ ಮುಚ್ಚುವ ಮೊದಲು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಹುಟ್ಟುಹಬ್ಬದ ಕೇಕು, ಮಂತ್ರಾಲಯದ ಫೋಟೋ, ಬೆಳಗಿನ ಗುಲಾಬಿ ಹೂವು, ಇಷ್ಟೇ. ಪುಣೆ, ಡೊಂಬಿವಲಿ, ಮುಧೋಳ ಅಂತ ಹಂಚಿಹೋದ ಮಂದಿ ನಾವು. ಕಳೆದ ವಾರ ಶ್ರೀಪಾದ ಮಾಮಾ ಒಂದು ಫಾರ್ವರ್ಡ್ ಹಾಕಿದರು. ಸಂಜೆಯೊಳಗೆ ಗುಂಪು ಕಾವೇರಿತು. ಎಲ್ಲರ ಒಪ್ಪಿಗೆ ತಗೊಂಡು, ಇಮೋಜಿ ಮತ್ತು ಹಳೆಯ ಮದುವೆಯ ಜಗಳಗಳನ್ನು ಸೋಸಿ ಇಲ್ಲಿ ಹಾಕಿದ್ದೇನೆ. ರವಿ ಅಂದರೆ ನಾನು. ಅನು ನನ್ನ ತಂಗಿ, ಪುಣೆಯಲ್ಲಿದ್ದಾಳೆ. ಪ್ರಕಾಶ ಕಾಕಾ ಲಾರಿ ಓಡಿಸುವ ಧಂದೆಯವರು. ಗಿರೀಶ ಮುಧೋಳದಲ್ಲಿ ಕಬ್ಬು ಬೆಳೆಯುವವನು.

ಶ್ರೀಪಾದ ಮಾಮಾ: ಎಚ್ಚರ!! ಕಚ್ಚಾ ತೈಲ ಬ್ಯಾರೆಲ್ಲಿಗೆ 200 ಡಾಲರ್ ಆಗಲಿದೆ. 5 ವರ್ಷದಲ್ಲಿ ದೇಶದ ಎಲ್ಲ ಪೆಟ್ರೋಲ್ ಬಂಕ್ ಬಂದ್. ನಿಮ್ಮ ಪೆಟ್ರೋಲ್ ಕಾರನ್ನು ಗುಜರಿಯವನೂ ಕೇಳುವುದಿಲ್ಲ. ಇಂದೇ ಮಾರಿ, ಎಲೆಕ್ಟ್ರಿಕ್ ಕೊಳ್ಳಿ. 10 ಜನರಿಗೆ ಕಳಿಸಿ.

ಪ್ರಕಾಶ ಕಾಕಾ: ರಾಯರೇ, 11 ಜನರಿಗೆ ಕಳಿಸಿದರೆ ಡೀಸೆಲ್ ಇಳಿಯುತ್ತದೇನು?

ಶ್ರೀಪಾದ ಮಾಮಾ: ನಗಬೇಡಿ. ಅನು ಕಾರು ಹುಡುಕುತ್ತಿದ್ದಾಳೆ, ಅದಕ್ಕೇ ಹಾಕಿದೆ.

ಅನು: ಮಾಮಾ, ಫಾರ್ವರ್ಡ್ ಬಿಡಿ. ನಾನು ಎಲೆಕ್ಟ್ರಿಕ್ ಅಂತ ಮೊದಲೇ ನಿರ್ಧಾರ ಮಾಡಿದ್ದೇನೆ.

ರವಿ: ಆ 200 ಡಾಲರ್ ಮಾತು ಹೊಸದೇನಲ್ಲ. 2008ರಲ್ಲೂ ದೊಡ್ಡ ದೊಡ್ಡವರು ಇದನ್ನೇ ಹೇಳಿದ್ದರು. ಆ ಜುಲೈನಲ್ಲಿ 147 ಡಾಲರ್ ಮುಟ್ಟಿತು. ಡಿಸೆಂಬರ್ ಹೊತ್ತಿಗೆ 40ಕ್ಕೂ ಕೆಳಗೆ ಬಿತ್ತು. ತೈಲ ಏರಿದಾಗೆಲ್ಲ ಎಲ್ಲರಿಗೂ ಸೂರ್ಯ, ಗಾಳಿ, ಹೊಂಗೆ ಎಣ್ಣೆ ನೆನಪಾಗುತ್ತವೆ. ಇಳಿದ ಕೂಡಲೇ ಮತ್ತೆ ದೊಡ್ಡ ಕಾರು ಬುಕ್ ಮಾಡುತ್ತಾರೆ. ತೈಲದ ರೇಟು ನೋಡಿ ಕಾರು ಆರಿಸಬೇಡ, ಅನು.

ಪ್ರಕಾಶ ಕಾಕಾ: ರೇಟು ಇಳಿದರೂ ನಮಗೇನು ಸಿಕ್ಕಿತು ಹೇಳು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ತೈಲ ಒಂದು ದಿನ ಮೈನಸ್ 37 ಡಾಲರ್ ಆಯಿತು. ಕೊಳ್ಳುವವರಿಗೇ ದುಡ್ಡು ಕೊಡುವ ಹಾಗೆ! ಇಲ್ಲಿ ಏನಾಯಿತು? ಮೇ ತಿಂಗಳಲ್ಲಿ ಕೇಂದ್ರದವರು ಪೆಟ್ರೋಲ್ ಮೇಲೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿದರು. ಇಳಿದದ್ದೆಲ್ಲ ಅಲ್ಲೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ಪೆಟ್ರೋಲ್ 120 ದಾಟಿದ ಮೇಲೆ ಮೇ ತಿಂಗಳಲ್ಲಿ ಕೇಂದ್ರ 8 ರೂಪಾಯಿ ಬಿಟ್ಟಿತು, ಜುಲೈನಲ್ಲಿ ರಾಜ್ಯ 5 ಬಿಟ್ಟಿತು. ಅರಬ್ಬರನ್ನು ಬೈಯುವ ಮೊದಲು ಬಂಕಿನ ಬಿಲ್ಲನ್ನು ಬಿಡಿಸಿ ನೋಡಿ.

ರವಿ: ಅದು ಸರಿ ಕಾಕಾ. ಆದರೆ ಒಂದು ಯೋಚಿಸಿ. ನಾಳೆ ಎಲ್ಲರೂ ಎಲೆಕ್ಟ್ರಿಕ್ ತಗೊಂಡರೆ ಆ ಸುಂಕದ ದುಡ್ಡನ್ನು ಸರ್ಕಾರ ಬೇರೆ ಎಲ್ಲಿಂದಾದರೂ ಎತ್ತಲೇಬೇಕಲ್ವಾ? ಈಗ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. ಅದು ಹೀಗೇ ಇರುತ್ತದೆ ಅಂತ ನಾನಂತೂ ನಂಬುವುದಿಲ್ಲ.

ಅನು: ಹಾಗಾದರೆ ಈಗಲೇ ತಗೊಳ್ಳುವುದು ಜಾಣತನ. ನೀನೇ ನನ್ನ ಪರ ವಾದ ಮಾಡಿದೆ.

ರವಿ: ನಿನ್ನ ವಿರುದ್ಧ ನಾನು ಯಾವಾಗ ಹೇಳಿದೆ? ಎರಡೇ ಪ್ರಶ್ನೆ. ತಿಂಗಳಿಗೆ ಎಷ್ಟು ಓಡಿಸುತ್ತೀಯ? ರಾತ್ರಿ ಎಲ್ಲಿ ನಿಲ್ಲಿಸುತ್ತೀಯ?

ಅನು: ಮನೆ ಕೋಥ್ರೂಡ್, ಆಫೀಸು ಹಿಂಜವಡಿ, ಹೋಗಿ ಬರಲು ಸುಮಾರು 40 ಕಿಲೋಮೀಟರ್. ತಿಂಗಳಿಗೆ ಸಾವಿರ ಅಂತ ಹಿಡಿ. ಸೊಸೈಟಿಯ ಬೇಸ್‌ಮೆಂಟ್ ಪಾರ್ಕಿಂಗ್.

ರವಿ: ಪೆಟ್ರೋಲ್ 105 ರೂಪಾಯಿ, ಲೀಟರಿಗೆ 15 ಕಿಲೋಮೀಟರ್ ಅಂತ ಹಿಡಿದರೆ ಕಿಲೋಮೀಟರಿಗೆ 7 ರೂಪಾಯಿ. ಕರೆಂಟ್ ಕಾರು ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಓಡುತ್ತದೆ. ಮನೆಯ ಕರೆಂಟ್ ಯೂನಿಟ್ಟಿಗೆ 10-11 ರೂಪಾಯಿ ಅಂದರೂ ಕಿಲೋಮೀಟರಿಗೆ ಒಂದೂವರೆ. ತಿಂಗಳಿಗೆ ಐದೂವರೆ ಸಾವಿರ ಉಳಿತಾಯ. ಕಾರಿನ ಬೆಲೆ 4 ಲಕ್ಷ ಜಾಸ್ತಿ ಅಂತ ಇಟ್ಟುಕೋ, 6 ವರ್ಷದಲ್ಲಿ ಹೊಂದುತ್ತದೆ. ನಿನಗೆ ಸರಿಹೋಗುತ್ತದೆ. ಇದೇ ಕಾರು ಮಾಮಾ ತಗೊಂಡರೆ? ಅವರು ವಾರಕ್ಕೊಮ್ಮೆ ಸಾರಸಬಾಗ್, ತಿಂಗಳಿಗೊಮ್ಮೆ ಆಳಂದಿ. 300 ಕಿಲೋಮೀಟರ್ ಆದರೆ ಹೆಚ್ಚು. ದುಡ್ಡು ವಾಪಸ್ ಬರಲು 20 ವರ್ಷ ಬೇಕು.

ಶ್ರೀಪಾದ ಮಾಮಾ: ಅಷ್ಟು ವರ್ಷ ನಾನೂ ಇರಬೇಕಲ್ಲ ತಮ್ಮಾ.

ಅನು: ಲೆಕ್ಕ ಆಯಿತು. ಪಾರ್ಕಿಂಗ್ ವಿಚಾರದಲ್ಲೇ ತಲೆನೋವು. ನನ್ನ ಮೀಟರ್ ಇರುವುದು ಎ ವಿಂಗ್ ಮೆಟ್ಟಿಲ ಕೆಳಗೆ, ಗಾಡಿ ನಿಲ್ಲುವುದು ಆ ತುದಿಯಲ್ಲಿ. ಕೇಬಲ್ ಎಳೆಯಲು ಸೆಕ್ರೆಟರಿ ಒಪ್ಪುತ್ತಿಲ್ಲ. ಬೆಂಕಿ ಹತ್ತಿದರೆ ಯಾರು ಹೊಣೆ ಅಂತ ಕೇಳುತ್ತಾರೆ. ಕೆಳಗೆ ಐವತ್ತು ಪೆಟ್ರೋಲ್ ಟ್ಯಾಂಕ್ ನಿಂತಿವೆ, ಅವು ತುಳಸಿ ತೀರ್ಥವೇ ಅಂತ ಕೇಳಿದೆ. ಅಲ್ಲಿಂದ ಮಾತೇ ಬಿಟ್ಟಿದ್ದಾರೆ.

ಸುಮಾ ಅತ್ಯಾ: ಹಾಗೆ ಕೇಳಿದರೆ ಕೊಡುತ್ತಾರೇನು? ನಿನ್ನ ಬಾಯಿ ನಿಮ್ಮಪ್ಪನದೇ.

ರವಿ: ಪಾರ್ಕಿಂಗಿನಲ್ಲಿ ಪಾಯಿಂಟ್ ಸಿಗದಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್ಟಿಗೆ 20 ರೂಪಾಯಿ ಆಸುಪಾಸು. ಉಳಿತಾಯ ಐದೂವರೆಯಿಂದ ನಾಲ್ಕು ಸಾವಿರಕ್ಕೆ ಬರುತ್ತದೆ. ಮೇಲೆ ಸರದಿ ಕಾಯುವುದು ಬೇರೆ. ತೈಲದ ರೇಟಿಗಿಂತ ನಿನ್ನ ಸೆಕ್ರೆಟರಿಯ ಸಹಿ ದೊಡ್ಡದು.

ಪ್ರಕಾಶ ಕಾಕಾ: ನೀವಿಬ್ಬರೂ ಕಾರಿನ ಮಾತೇ ಆಡುತ್ತಿದ್ದೀರಿ. ಡೀಸೆಲ್ ಏರಿದರೆ ನಿಮ್ಮ ಈರುಳ್ಳಿಯೂ ಏರುತ್ತದೆ, ಸಿಮೆಂಟೂ ಏರುತ್ತದೆ. ನನ್ನ ಲಾರಿಗಳಿಗೆ ಬ್ಯಾಟರಿ ಕೂರಿಸಿ ನೋಡೋಣ. 300 ಲೀಟರಿನ ಟ್ಯಾಂಕ್, ಒಮ್ಮೆ ತುಂಬಿಸಿದರೆ ಭೋಸರಿಯಿಂದ ಬೆಳಗಾವಿಗೆ ಹೋಗಿ ಬಂದು ಇನ್ನೂ ಉಳಿಯುತ್ತದೆ. ಅಷ್ಟು ಕೆಲಸ ಮಾಡುವ ಬ್ಯಾಟರಿ ಎಷ್ಟು ತೂಗುತ್ತದೆ?

ರವಿ: ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇರುತ್ತದೆ. ಎಂಜಿನ್ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿ ಹೊರಗೆ ಬಿಡುತ್ತದೆ. ಉಪಯೋಗಕ್ಕೆ ಬರುವಷ್ಟನ್ನೇ ಹಿಡಿದರೂ 300 ಲೀಟರಿಗೆ ಸಮನಾದ ಬ್ಯಾಟರಿ 6-7 ಟನ್ ಆಗುತ್ತದೆ.

ಪ್ರಕಾಶ ಕಾಕಾ: ಮತ್ತೇನು! ಮಾಲು ಇಳಿಸಿ ಬ್ಯಾಟರಿಯನ್ನೇ ಬೆಳಗಾವಿಗೆ ಮುಟ್ಟಿಸಿ ಬರಲೇ?

ಅನು: ಕಾಕಾ, ಟ್ಯಾಂಕಿನ ತುಂಬ ಯಾಕೆ ಬೇಕು? ಬೆಳಗಾವಿ ಸುಮಾರು 350 ಕಿಲೋಮೀಟರ್. 16 ಟನ್ನಿನ ಗಾಡಿಗೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಎರಡು ಟನ್ನಿನ ಮೇಲೆ ಸ್ವಲ್ಪ ಬ್ಯಾಟರಿ ಆದರೆ ಆಯಿತು. ಅದರಲ್ಲಿ ಎಂಜಿನ್, ಟ್ಯಾಂಕ್ ತೂಕ ಕಳೆಯಿರಿ. ಅಲ್ಲಿ ಮಾಲು ಇಳಿಸುವಾಗ ಚಾರ್ಜ್ ಮಾಡಿ.

ಪ್ರಕಾಶ ಕಾಕಾ: ಎರಡು ಟನ್ ಅಂದರೆ ಎರಡು ಟನ್ನಿನ ಬಾಡಿಗೆ ಹೋಯಿತು. ಇಳಿಸುವ ಜಾಗದಲ್ಲಿ ಲೈಟೇ ನೆಟ್ಟಗಿರುವುದಿಲ್ಲ, ಚಾರ್ಜರ್ ಎಲ್ಲಿಂದ ತರಲಿ? ಊರೊಳಗಿನ ಸಣ್ಣ ಟೆಂಪೋಗೆ ನಿನ್ನ ಮಾತು ಒಪ್ಪುತ್ತೇನೆ. ಚಾಕಣ್‌ನಿಂದ ಪಿಂಪ್ರಿಗೆ ಬೇಕಾದರೆ ನಾಳೆಯೇ ಹಾಕುತ್ತೇನೆ. ಹೈವೇಗೆ ಅಲ್ಲ.

ಗಿರೀಶ: ನಾನೊಂದು ಮಾತು ಹೇಳಲಾ? ಪೆಟ್ರೋಲಿಗೆ ಪರ್ಯಾಯ ನಮ್ಮ ಹೊಲದಲ್ಲೇ ನಿಂತಿದೆ. ಕಬ್ಬು. ನೀವೆಲ್ಲ ಈಗ ಹಾಕಿಸುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥೆನಾಲ್. 2030ಕ್ಕೆ ಅಂದುಕೊಂಡಿದ್ದು 2025ರಲ್ಲೇ ಆಯಿತು. ಎಥೆನಾಲ್ ಮಾರಿದ ದುಡ್ಡು ಸಕ್ಕರೆ ಕಾರ್ಖಾನೆಗೆ ಬೇಗ ಬರುತ್ತದೆ, ಅವರು ನಮಗೆ ಕೊಡಬೇಕಾದ ಕಬ್ಬಿನ ಬಾಕಿಯೂ ಬೇಗ ತೀರುತ್ತದೆ. ಡಾಲರ್ ಕೊಟ್ಟು ಎಣ್ಣೆ ತರುವುದಕ್ಕಿಂತ ಮುಧೋಳದ ರೈತನಿಗೆ ಕೊಟ್ಟರೆ ಕೆಟ್ಟದ್ದೇನು?

ಅನು: ಕೆಟ್ಟದ್ದೇನಿಲ್ಲ. ಆದರೆ ಲೀಟರಿಗೆ ಲೀಟರ್ ಹಿಡಿದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಇದಕ್ಕೆಂದೇ ಮಾಡದ ಹಳೆಯ ಕಾರುಗಳಲ್ಲಿ ಮೈಲೇಜ್ 6-7 ಪರ್ಸೆಂಟ್ ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಬಂಕಿನಲ್ಲಿ ರೇಟು ಮಾತ್ರ ಅಷ್ಟೇ.

ರವಿ: ನೀರು? ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಬೇಕಾದರೆ 2,860 ಲೀಟರ್ ನೀರು ಬೇಕು ಅಂತ ಅದೇ ವರದಿಯಲ್ಲಿದೆ.

ಗಿರೀಶ: ರವಿ ಅಣ್ಣಾ, ನಾವು ಕಬ್ಬನ್ನು ಎಥೆನಾಲ್ ಸಲುವಾಗಿ ಹಚ್ಚಲಿಲ್ಲ. ಸಕ್ಕರೆಗೂ ಅದೇ ನೀರು ಹೋಗುತ್ತಿತ್ತು. ನೀವು ಪುಣೆಯಲ್ಲಿ ಕಾರು ತೊಳೆಯುವ ನೀರಿನ ಲೆಕ್ಕವನ್ನು ಯಾರಾದರೂ ಕೇಳಿದ್ದಾರೇನು?

ಈ ಏಟಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಗಿರೀಶನ ಮಾತಿಗೂ ಒಂದು ಮಿತಿ ಇದೆ. 2023ರ ಮಳೆಗಾಲ ಕೈಕೊಟ್ಟಾಗ ಡಿಸೆಂಬರ್‌ನಲ್ಲಿ ಕೇಂದ್ರ ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಅಂತ ತಡೆ ಹಾಕಿತ್ತು. ಸಕ್ಕರೆ ತುಟ್ಟಿಯಾಗಬಾರದಲ್ಲ. ಮುಂದಿನ ಹಂಗಾಮಿಗೆ ತೆಗೆದರು. ಮಳೆ ನಂಬಿದ ಇಂಧನಕ್ಕೂ ಬೆಲೆಯ ಜೋಕಾಲಿ ತಪ್ಪುವುದಿಲ್ಲ ಅಂತ ಬರೆದೆ. ಅವನು ಹೊಲಕ್ಕೆ ನೀರು ಬಿಡುವ ಹೊತ್ತಾಯಿತು ಅಂತ ಎದ್ದು ಹೋದ. ಅವರ ಕಡೆ ಪಂಪಿಗೆ ತ್ರೀ ಫೇಸ್ ಬರುವ ಹೊತ್ತೇ ಗಡಿಯಾರ.

ಶ್ರೀಪಾದ ಮಾಮಾ: ಅನು, ನಿನ್ನ ಕರೆಂಟ್ ಎಲ್ಲಿಂದ ಬರುತ್ತದೆ? ಕಲ್ಲಿದ್ದಲು ಸುಟ್ಟೇ ಅಲ್ವಾ? ಹೊಗೆ ನಿನ್ನ ಕಾರಿನ ಹಿಂದೆ ಬರದೆ ಚಂದ್ರಪುರದ ವಿದ್ಯುತ್ ಸ್ಥಾವರದಲ್ಲಿ ಬರುತ್ತದೆ.

ಅನು: ಬೆಳಿಗ್ಗೆ ಕೊಳ್ಳಿ ಅಂತ ಹಾಕಿದವರು ನೀವೇ ಮಾಮಾ!

ಶ್ರೀಪಾದ ಮಾಮಾ: ಅದು ಫಾರ್ವರ್ಡ್. ಇದು ನನ್ನ ಅಭಿಪ್ರಾಯ.

ಅನು: ನಮ್ಮ ಕರೆಂಟಿನ ಹೆಚ್ಚುಕಡಿಮೆ ಮುಕ್ಕಾಲು ಪಾಲು ಕಲ್ಲಿದ್ದಲಿನದೇ, ಒಪ್ಪಿದೆ. ಆದರೆ ಕಲ್ಲಿದ್ದಲಿನ ದೊಡ್ಡ ಪಾಲು ನಮ್ಮ ನೆಲದ್ದು. ಕಚ್ಚಾ ತೈಲದಲ್ಲಿ 85 ಪರ್ಸೆಂಟ್‌ಗೂ ಜಾಸ್ತಿ ಹೊರಗಿನದು. ನಮಗೆ ಮುಂಬೈ ಕಡಲಿನ ಬಾಂಬೆ ಹೈ ಇತ್ತಲ್ಲ ಅಂತೀರಿ. ಅಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ, ಬಾವಿಗಳಿಗೆ ವಯಸ್ಸಾಗಿದೆ. ಕರೆಂಟ್ ಆದರೆ ವರ್ಷ ಹೋದಂತೆ ಶುದ್ಧವಾಗುತ್ತದೆ. ತುಮಕೂರಿನ ಪಾವಗಡದಲ್ಲಿ ಬರಗಾಲದ ಹೊಲಗಳ ಮೇಲೆ 2,050 ಮೆಗಾವ್ಯಾಟ್ ಸೋಲಾರ್ ನಿಂತಿದೆ. ಪೆಟ್ರೋಲ್ ಕಾರು ಹಳೆಯದಾದಂತೆ ಹೊಗೆ ಜಾಸ್ತಿ ಮಾಡುತ್ತದೆ.

ರವಿ: ಬ್ಯಾಟರಿ, ಮೋಟರಿನ ಮ್ಯಾಗ್ನೆಟ್ ಚೀನಾದ್ದು. 2025ರ ಏಪ್ರಿಲ್‌ನಲ್ಲಿ ಅವರು ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ಚಾಕಣ್ ಪಟ್ಟಿಯ ಕಾರ್ಖಾನೆಗಳಿಗೆ ನಡುಕ ಬಂತು. ಅರಬ್ಬರನ್ನು ಬಿಟ್ಟು ಚೀನಾ ಕೈಗೆ ಸಿಗುವುದೇ? ಮಂಡ್ಯದ ಮರಳಗಾಲದಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಸಿಕ್ಕಿತು ಅಂತ 2020ರಲ್ಲಿ ಇದೇ ಗುಂಪಿನಲ್ಲಿ ಪಟಾಕಿ ಹಾರಿಸಿದ್ದರು. ಮೊದಲು 14,100 ಟನ್ ಅಂದರು, ಆಮೇಲೆ 1,600 ಟನ್ ಅಂದರು.

ಅನು: ವ್ಯತ್ಯಾಸ ಇದೆ. ಪೆಟ್ರೋಲ್ ದಿನಾ ಸುಡುತ್ತೀಯ, ದಿನಾ ಕೊಳ್ಳಬೇಕು. ಬ್ಯಾಟರಿ ಒಮ್ಮೆ ಬಂದರೆ ಎಂಟು ಹತ್ತು ವರ್ಷ ಮನೆಯಲ್ಲೇ ಇರುತ್ತದೆ. ಚೀನಾ ನಾಳೆ ಬಾಗಿಲು ಹಾಕಿದರೂ ನನ್ನ ಕಾರು ನಿಲ್ಲುವುದಿಲ್ಲ. ನೀನು ಸೈಲೆನ್ಸರ್ ಕಂಪನಿಯಲ್ಲಿ ಇದ್ದೀಯ, ಅದಕ್ಕೇ ಹೀಗೆ ಮಾತಾಡುತ್ತೀಯ.

ನಾನು ಸೈಲೆನ್ಸರ್ ಮಾಡುವ ಕಡೆ ಇರುವುದು ನಿಜ. ಎಲೆಕ್ಟ್ರಿಕ್ ಕಾರಿಗೆ ಸೈಲೆನ್ಸರ್ ಬೇಡ, ಟ್ಯಾಂಕ್ ಬೇಡ, ಕ್ಲಚ್ ಬೇಡ. ಭೋಸರಿಯ ಗಲ್ಲಿಗಳಲ್ಲಿ ಎಷ್ಟೋ ಸಣ್ಣ ಶೆಡ್ಡುಗಳು ಇವನ್ನೇ ನಂಬಿವೆ. ಅವರಿಗೆ ಏನು ಹೇಳಬೇಕು ಅಂತ ಯಾವ ಫಾರ್ವರ್ಡಿನಲ್ಲೂ ಇರುವುದಿಲ್ಲ. ಆದರೂ ಚೀನಾ ವಿಚಾರದಲ್ಲಿ ತಂಗಿಯ ಮಾತೇ ಗಟ್ಟಿ.

ಸುಮಾ ಅತ್ಯಾ: ಎಲ್ಲರೂ ಹೊಸ ಗಾಡಿ, ಹೊಸ ಗಾಡಿ ಅನ್ನುತ್ತಿದ್ದೀರಿ. ನಾನು ಡೊಂಬಿವಲಿಯಿಂದ ಮದುವೆಯಾದಾಗಿನಿಂದ ಕರೆಂಟ್ ಗಾಡಿಯಲ್ಲೇ ಓಡಾಡುತ್ತಿದ್ದೇನೆ. ಮುಂಬೈಯಲ್ಲಿ ಮೊದಲ ಕರೆಂಟ್ ರೈಲು ಓಡಿದ್ದು 1925ರ ಫೆಬ್ರವರಿ 3ಕ್ಕೆ, ವಿಟಿಯಿಂದ, ಅಂದರೆ ಈಗಿನ ಸಿಎಸ್‌ಎಂಟಿ ಸ್ಟೇಷನ್ನಿನಿಂದ, ಕುರ್ಲಾಗೆ. ಬ್ಯಾಟರಿ ಇಲ್ಲ, ಲಿಥಿಯಂ ಇಲ್ಲ, ಮೇಲೊಂದು ತಂತಿ. ಪಾಸ್ ಒಂದಿದ್ದರೆ ಮುಗಿಯಿತು. ಈಗ ಪುಣೆಯಿಂದ ಅಹಿಲ್ಯಾನಗರಕ್ಕೆ, ಅದೇ ಹಳೆಯ ಅಹಮದ್‌ನಗರಕ್ಕೆ, ಮಹಾರಾಷ್ಟ್ರ ಸರ್ಕಾರದ ಎಸ್‌ಟಿಯ ಕರೆಂಟ್ ಬಸ್ಸೂ ಇದೆ.

ಅನು: ಅತ್ಯಾ, ಹಿಂಜವಡಿಗೆ ನಿಮ್ಮ ಲೋಕಲ್ ಇಲ್ಲವಲ್ಲ.

ಸುಮಾ ಅತ್ಯಾ: ಅದನ್ನೇ ಹೇಳುತ್ತಿದ್ದೇನೆ. ನಿಮಗೆ ರೈಲು ಕೊಡದೆ ಕಾರು ಕೊಳ್ಳಿ ಅನ್ನುತ್ತಾರೆ, ನೀವು ಯಾವ ಕಾರು ಅಂತ ಬಡಿದಾಡುತ್ತೀರಿ. ಆ ಹಿಂಜವಡಿ ರಸ್ತೆಯಲ್ಲಿ ಪೆಟ್ರೋಲಾದರೂ ಕರೆಂಟಾದರೂ ನಿಲ್ಲುವುದು ಒಂದೇ ಕಡೆ.

ಪ್ರಕಾಶ ಕಾಕಾ: ಸುಮಾ ಹೇಳಿದ್ದು ಬರೋಬರಿ. ರೈಲಿನಲ್ಲಿ ಮಾಲು ಹಾಕಿದರೆ ನನ್ನ ಹೊಟ್ಟೆಗೆ ಏಟು, ಅದನ್ನು ಮಾತ್ರ ಜೋರಾಗಿ ಹೇಳಬೇಡ.

ಅನು: ರೈಲು ಬರುವವರೆಗೆ ನಾನು ಕೆಲಸಕ್ಕೆ ಹೋಗಬೇಕಲ್ಲ. ದೀಪಾವಳಿಗೆ ಮುಧೋಳಕ್ಕೂ ಅದರಲ್ಲೇ ಬರುತ್ತೇನೆ. ಕೊಲ್ಹಾಪುರದಲ್ಲಿ ಊಟ ಮಾಡುವಾಗ ಒಮ್ಮೆ ಚಾರ್ಜ್ ಮಾಡಿದರೆ ಸಾಕು.

ಪ್ರಕಾಶ ಕಾಕಾ: ದೀಪಾವಳಿ ರಶ್ಶಿನಲ್ಲಿ ಚಾರ್ಜರ್ ಮುಂದೆ ನಾಲ್ಕು ಗಾಡಿ ಇರುತ್ತವೆ. ಎರಡು ದಿನ ಮೊದಲೇ ಹೊರಡು.

ಸುಮಾ ಅತ್ಯಾ: ಅನು, ಸೊಸೈಟಿಗೆ ಅರ್ಜಿ ಕೊಟ್ಟಿದ್ದೀಯಾ, ಬರೀ ಬಾಯಲ್ಲಿ ಜಗಳವಾ?

ಅನು: ಅರ್ಜಿ ಬರೆದಿದ್ದೇನೆ. ಇಂಗ್ಲಿಷಿನಲ್ಲಿ.

ಸುಮಾ ಅತ್ಯಾ: ಮರಾಠಿಯಲ್ಲಿ ಬರೆದು ನನಗೆ ಕಳಿಸು, ತಿದ್ದಿಕೊಡುತ್ತೇನೆ. ಬೇರೆ ಮೀಟರ್, ಕೇಬಲ್, ಎರಡರ ಖರ್ಚೂ ನಿನ್ನದೇ ಅಂತ ಮೊದಲ ಸಾಲಿನಲ್ಲೇ ಇರಲಿ. ಆ ತುಳಸಿ ತೀರ್ಥದ ಮಾತು ಎಲ್ಲೂ ಬೇಡ.