ಅಪ್ಪ ನೆಟ್ಟ ಲವಂಗದ ಮರ ಮೊಗ್ಗು ಬಿಟ್ಟಿದೆ, ಕೊಯ್ಯುವುದು ಯಾವಾಗ?

ದರೆಮನೆ, ಸಿದ್ದಾಪುರ:
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ಹಿಂದೆ ಅಪ್ಪ ಮೂರು ಲವಂಗದ ಸಸಿ ತಂದಿದ್ದರು. ಎರಡನ್ನು ಅಡಿಕೆ ತೋಟದ ಒಳಗೆ ನೆಟ್ಟರು, ಒಂದನ್ನು ಮನೆ ಹಿಂದಿನ ದರೆಯ (ಎತ್ತರದ ಮಣ್ಣಿನ ದಿಬ್ಬದ) ಮೇಲೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ತೋಟವನ್ನು ಈಗ ಅಮ್ಮ, ನಾನು ನೋಡಿಕೊಳ್ಳುತ್ತಿದ್ದೇವೆ. ಹೋದ ವರ್ಷ ದರೆ ಮೇಲಿನ ಮರ ಮೊದಲ ಸಲ ಮೊಗ್ಗು ಬಿಟ್ಟಿತ್ತು. ಇನ್ನೂ ದಪ್ಪವಾಗಲಿ ಎಂದು ಹಾಗೇ ಬಿಟ್ಟೆವು. ಒಂದು ಬೆಳಿಗ್ಗೆ ನೋಡಿದರೆ ಎಲ್ಲ ಅರಳಿ ಬಿಳಿ ಕೇಸರದ ಕುಚ್ಚುಗಳಾಗಿ ನಿಂತಿದ್ದವು. ಅಮ್ಮನಿಗೆ ತುಂಬಾ ಬೇಜಾರಾಯಿತು. ಈ ವರ್ಷ ಗೊಂಚಲು ಹೆಚ್ಚಿದೆ. ಹೆಚ್ಚಿನವು ಹಸಿರು, ಕೆಲವಕ್ಕೆ ಸ್ವಲ್ಪ ಕೆಂಪು ಬಂದಿದೆ. ಕೊಯ್ಯಬಹುದೇ? ಒಣಗಿಸುವುದು ಹೇಗೆ? ತೋಟದೊಳಗಿನ ಎರಡರಲ್ಲಿ ಒಂದು ಹೋದ ಮಳೆಗಾಲದಲ್ಲಿ ಸತ್ತಿತು, ಇನ್ನೊಂದು ತುದಿಯಿಂದ ಒಣಗುತ್ತಿದೆ. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕು.

ಕಾಫಿ ಕಣಿವೆ, ಮೂಡಿಗೆರೆ:
ಎಲ್ಲ ಮೊಗ್ಗು ಪೂರ್ತಿ ಕೆಂಪಾದ ಮೇಲೆ ಒಂದೇ ಸಲ ಕೊಯ್ಯಿರಿ. ಆಳಿನ ಕೂಲಿ ಉಳಿಯುತ್ತದೆ.

ಗುಡ್ಡೆತೋಟ, ಸುಳ್ಯ:
ಒಂದೇ ಸಲ ಬೇಡ ತಂಗೀ, ಮೂಡಿಗೆರೆಯವರು ಬೇಸರ ಮಾಡಿಕೊಳ್ಳಬಾರದು. ಒಂದೇ ಗೊಂಚಲಿನಲ್ಲಿ ಬಲಿತದ್ದೂ ಎಳೆಯದೂ ಒಟ್ಟಿಗೆ ಇರುತ್ತದೆ. ಎಲ್ಲವೂ ಕೆಂಪಾಗಲಿ ಎಂದು ಕಾದರೆ ಮೊದಲು ಬಲಿತದ್ದು ಅರಳಿಬಿಡುತ್ತದೆ. ಅರಳಿದ ಮೇಲೆ ಅದು ಲವಂಗವಲ್ಲ. ಹೋದ ವರ್ಷ ನಿಮಗೆ ಆದದ್ದೂ ಅದೇ.

ಮೊಗ್ಗಿನ ಉದ್ದನೆಯ ಕಾಲು ಹಸಿರು ಬಿಟ್ಟು ನಸುಗೆಂಪಿಗೆ ತಿರುಗಬೇಕು, ತಲೆಯ ಗುಂಡು ಮುಚ್ಚಿಯೇ ಇರಬೇಕು. ಆ ದಿನವೇ ಅದರ ಕೊಯ್ಲು. ಆಗ ಮೊಗ್ಗು ಎರಡು ಸೆಂಟಿಮೀಟರಿಗಿಂತ ಚಿಕ್ಕದೇ ಇರುತ್ತದೆ, ಇನ್ನೂ ದಪ್ಪವಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹಸಿರಿರುವಾಗಲೇ ಕೊಯ್ದರೆ ಒಣಗಿದ ಮೇಲೆ ಸುಕ್ಕುಗಟ್ಟುತ್ತದೆ, ಘಾಟೂ ಕಡಿಮೆ. ನಾನು ಎರಡು ಮೂರು ದಿನಕ್ಕೊಮ್ಮೆ ಏಣಿ ಹಾಕಿ ಬಲಿತ ಗೊಂಚಲುಗಳನ್ನಷ್ಟೇ ಕೈಯಲ್ಲಿ ಚಿವುಟುತ್ತೇನೆ. ದೋಟಿಯಿಂದ ಎಳೆಯಬೇಡಿ. ಲವಂಗದ ಕೊಂಬೆ ಬಹಳ ಪೆಡಸು, ಪಟಕ್ಕನೆ ಮುರಿಯುತ್ತದೆ. ಮೊಗ್ಗು ಬರುವುದು ಚಿಗುರಿನ ತುದಿಯಲ್ಲಿ, ಕೊಂಬೆ ಹೋದರೆ ಮುಂದಿನ ವರ್ಷದ ಫಸಲೂ ಹೋಯಿತು.

ಕೊಯ್ದ ದಿನವೇ ತೊಟ್ಟಿನಿಂದ ಮೊಗ್ಗು ಬಿಡಿಸಿ ಚಾಪೆಯ ಮೇಲೆ ತೆಳ್ಳಗೆ ಹರಡಿ. ರಾತ್ರಿ ರಾಶಿ ಹಾಕಿ ಇಟ್ಟರೆ ಬಿಸಿಯೇರಿ ಹುಳಿಯುತ್ತದೆ. ಆಮೇಲೆ ಎಷ್ಟು ಒಣಗಿಸಿದರೂ ಬಿಳಿಚಿಕೊಂಡೇ ಇರುತ್ತದೆ. ಇಂಥ ಒಂದು ಚೀಲ ಹಿಡಿದುಕೊಂಡು ಪೇಟೆಗೆ ಹೋಗಿ ವಾಪಸು ತಂದವನು ನಾನು. ಒಳ್ಳೆಯ ಬಿಸಿಲಿದ್ದರೆ ನಾಲ್ಕೈದು ದಿನ ಸಾಕು. ಬಗ್ಗಿಸಿದರೆ ಟಕ್ ಎಂದು ಮುರಿಯಬೇಕು. ಮೂರು ಕೆ.ಜಿ. ಹಸಿಗೆ ಒಂದು ಕೆ.ಜಿ. ಒಣಗಿದ್ದು ಸಿಗುತ್ತದೆ. ತೊಟ್ಟನ್ನು ಎಸೆಯಬೇಡಿ, ಅದರಲ್ಲಿಯೂ ಎಣ್ಣೆ ಉಂಟು. ನಮ್ಮ ಮನೆಯಲ್ಲಿ ಕಷಾಯಕ್ಕೆ ಹಾಕುತ್ತೇವೆ.

ಇನ್ನು ಸಾಯುತ್ತಿರುವ ಮರ. ಇದು ನನಗೆ ಹೊಟ್ಟೆ ಉರಿಯುವ ವಿಷಯ. 1996ರಲ್ಲಿ ನಾನು ತೋಟದ ತಗ್ಗಿನಲ್ಲಿ ಹನ್ನೆರಡು ಸಸಿ ನೆಟ್ಟೆ. ಅಡಿಕೆಗೆ ಬಿಡುವ ನೀರು ಇದಕ್ಕೂ ಸಿಗಲಿ ಎಂಬ ಲೆಕ್ಕ. ಐದು ಮಳೆಗಾಲದಲ್ಲಿ ಒಂಬತ್ತು ಹೋದವು. ಲವಂಗಕ್ಕೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಆಮೇಲೆ ಕನ್ಯಾಕುಮಾರಿ ಜಿಲ್ಲೆಯ ಮಾರಾಮಲೆ ಕಡೆ ತೋಟ ನೋಡಲು ಹೋದಾಗ ಬುದ್ಧಿ ಬಂತು. ಅಲ್ಲಿ ಮರಗಳಿರುವುದೆಲ್ಲ ಬೆಟ್ಟದ ಇಳಿಜಾರಿನಲ್ಲಿ, ಬಿದ್ದ ನೀರು ಹರಿದೇ ಹೋಗುತ್ತದೆ. ಆ ಜಿಲ್ಲೆಯ ಲವಂಗಕ್ಕೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ನಿಮ್ಮ ದರೆಯ ಮರ ಚೆನ್ನಾಗಿರುವುದು ಅದಕ್ಕೇ. ನಿಮ್ಮ ತಂದೆಯವರು ಒಂದನ್ನಾದರೂ ಅಲ್ಲಿ ನೆಟ್ಟದ್ದು ಒಳ್ಳೆಯದಾಯಿತು.

ಒಣಗುತ್ತಿರುವ ಮರದ ಸುತ್ತ ಈಗಲೇ ಕಣಿ ತೆಗೆಸಿ, ನೀರು ದೂರ ಹೋಗಲಿ. ಬುಡಕ್ಕೆ ತೀರಾ ಹತ್ತಿರ ಅಗೆಯಬೇಡಿ, ಬೇರು ಮೇಲ್ಮೇಲೇ ಇರುತ್ತದೆ. ಕಾಂಡದ ಬುಡವನ್ನು ಬೆರಳಿಟ್ಟು ನೋಡಿ. ಮರದ ಹುಡಿಯ ಪದರ ಅಂಟಿಕೊಂಡಿದ್ದರೆ ಒಳಗೆ ಕಾಂಡ ಕೊರೆಯುವ ಹುಳ ಇರಬಹುದು. ಪದರ ಕೆರೆದು ತೂತಿಗೆ ತಂತಿ ಹಾಕಿ ಹುಳ ತೆಗೆಯಿರಿ, ಸುತ್ತಲಿನ ಕಳೆಯನ್ನೂ ಸವರಿ. ಒಣಗಿದ ಟೊಂಗೆಯನ್ನು ಹಸಿ ಸಿಗುವಲ್ಲಿವರೆಗೆ ಕತ್ತರಿಸಿ ಸುಟ್ಟುಬಿಡಿ. ಎಲೆಯಲ್ಲಿ ಕಂದು ಚುಕ್ಕೆ ಇದ್ದರೆ, ಮಳೆಗೆ ಮೊದಲು ಅಡಿಕೆಗೆ ಬೋರ್ಡೋ (ಶಿಲೀಂಧ್ರ ರೋಗದ ಔಷಧಿ) ಬಿಡುವಾಗ ಇದಕ್ಕೂ ಬಿಡಿಸಿ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಅದೇ ಪಾಕ.

ಅಡುಗೆಮನೆ, ಮೈಸೂರು:
ನನ್ನದು ಬೇರೆ ಪ್ರಶ್ನೆ. ಅಂಗಡಿಯ ಲವಂಗ ನೆನೆಸಿ ಬಿತ್ತಿದರೆ ಗಿಡ ಬರುತ್ತದೆಯೇ? ಕುಂಡದಲ್ಲಿ ಎರಡು ಸಲ ಹಾಕಿದೆ, ಒಂದೂ ಮೊಳೆಯಲಿಲ್ಲ.

ಗುಡ್ಡೆತೋಟ, ಸುಳ್ಯ:
ಎಂದಿಗೂ ಬರುವುದಿಲ್ಲ ಅಕ್ಕ. ಅದು ಬೀಜವೇ ಅಲ್ಲ, ಒಣಗಿದ ಮೊಗ್ಗು. ಬೀಜ ಬೇಕಾದರೆ ಕೆಲವು ಮೊಗ್ಗು ಅರಳಿ, ಕಾಯಿ ಕಟ್ಟಿ, ಹಣ್ಣಾಗಿ ತಾನಾಗಿಯೇ ಉದುರಬೇಕು. ಸಿಪ್ಪೆ ತೆಗೆದು ಅದೇ ವಾರ ಬಿತ್ತಬೇಕು, ಒಣಗಿದರೆ ಜೀವ ಹೋಯಿತು. ಸಸಿಯನ್ನು ಒಂದೂವರೆ ಎರಡು ವರ್ಷ ನೆರಳಿನಲ್ಲಿ ಸಾಕಿ ಆಮೇಲೆ ನೆಡುವುದು. ನಾನು ಸೋಗೆ ಹೊದೆಸಿದ ಚಪ್ಪರದ ಅಡಿಯಲ್ಲಿ ಬೆಳೆಸುತ್ತೇನೆ.

ಅಡುಗೆಮನೆ, ಮೈಸೂರು:
ತಿಳಿಯಿತು, ಇನ್ನು ಬಿತ್ತುವುದಿಲ್ಲ! ಸಿದ್ದಾಪುರದವರೇ, ನಿಮ್ಮ ಲವಂಗ ಒಣಗಿದ ಮೇಲೆ ಒಂದನ್ನು ಉಗುರಿನಿಂದ ಒತ್ತಿ ನೋಡಿ, ಎಣ್ಣೆ ಜಿನುಗಬೇಕು. ನೀರಿಗೆ ಹಾಕಿದರೆ ಒಳ್ಳೆಯದು ಮುಳುಗುತ್ತದೆ, ಇಲ್ಲವೇ ತಲೆ ಮೇಲಾಗಿ ನೆಟ್ಟಗೆ ನಿಲ್ಲುತ್ತದೆ. ಎಣ್ಣೆ ತೆಗೆದ ಲವಂಗ ಅಡ್ಡಡ್ಡ ತೇಲುತ್ತದೆ. ಅಂಗಡಿಯದ್ದನ್ನು ನಾನು ಹೀಗೆಯೇ ನೋಡಿಕೊಳ್ಳುವುದು. ಪುಡಿ ಮಾಡಿ ಇಡಬೇಡಿ, ವಾಸನೆ ಹಾರಿಹೋಗುತ್ತದೆ. ಗಾಜಿನ ಶೀಶೆಯಲ್ಲಿ ಇಡಿಯಾಗಿಯೇ ಇರಲಿ.

ದರೆಮನೆ, ಸಿದ್ದಾಪುರ:
ಎಲ್ಲರಿಗೂ ಧನ್ಯವಾದ. ಸುಳ್ಯದ ಅಣ್ಣ ಹೇಳಿದ ಹಾಗೆ ಮೂರು ವಾರದಲ್ಲಿ ಆರು ಸಲ ಕೊಯ್ದೆವು. ಏಣಿ ಹಿಡಿದದ್ದು ಅಮ್ಮ, ಹತ್ತಿದ್ದು ನಾನು. ಮೊಗ್ಗು ಬಿಡಿಸಿ ತೂಗಿದಾಗ ಹಸಿ ಒಂದು ಕೆ.ಜಿ. ಇನ್ನೂರು ಗ್ರಾಂ, ಒಣಗಿದ್ದು 400 ಗ್ರಾಂ ಬಂತು. ಮೊದಲ ದಿನದ್ದರಲ್ಲಿ ಎಳೆಯದು ಸೇರಿ ಸ್ವಲ್ಪ ಸುಕ್ಕಾಗಿದೆ, ಉಳಿದದ್ದು ಚೆನ್ನಾಗಿದೆ. ಒಣಗುವಷ್ಟು ದಿನವೂ ಜಗಲಿಯೆಲ್ಲ ಅದೇ ಘಮ. ತೋಟದ ಮರದ ಬುಡದಲ್ಲಿ ಹುಡಿಯ ಪದರ ಇತ್ತು, ತಂತಿಗೆ ಒಂದು ಹುಳ ಸಿಕ್ಕಿತು. ಕಣಿಯನ್ನೂ ತೆಗೆಸಿದ್ದೇವೆ. ಚಿಗುರು ಇನ್ನೂ ಬಂದಿಲ್ಲ, ಕಂಡ ದಿನ ಇಲ್ಲಿಯೇ ಬರೆಯುತ್ತೇನೆ. ಅಣ್ಣ, ಹೊಸ ಸಸಿಗಳನ್ನು ದರೆಯ ಮೇಲೆ ನೆಡುವುದಾದರೆ ಎಷ್ಟು ಅಂತರ ಬಿಡಬೇಕು?

ಗುಡ್ಡೆತೋಟ, ಸುಳ್ಯ:
ಮರದಿಂದ ಮರಕ್ಕೆ 20 ಅಡಿ ಬಿಡಿ. ಗುಂಡಿ ಎರಡು ಅಡಿ ಅಗಲ, ಎರಡು ಅಡಿ ಆಳ ಇರಲಿ. ಮೊದಲ ಮೂರು ನಾಲ್ಕು ಬೇಸಿಗೆ ನೆರಳು, ನೀರು ಎರಡೂ ತಪ್ಪಬಾರದು. ಬಾಳೆ ನೆಟ್ಟರೆ ನೆರಳಿಗೆ ಆಗುತ್ತದೆ. ಹುಳ ಸಿಕ್ಕಿದ ಮರದ ಬುಡವನ್ನು ತಿಂಗಳಿಗೊಮ್ಮೆ ನೋಡುತ್ತಿರಿ, ಒಂದೇ ಹುಳ ಇರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ.